ಕ್ಯಾಮೆರಾಗೆ ಕಾಣದ ನೀಲಿ

ಅರವತ್ತೊಂಬತ್ತು ತುಂಬಿದ ಮೇಲೂ ನಮ್ಮನ್ನು ಅಡ್ಡಹೆಸರು ಹಿಡಿದು ಕರೆಯುವವರು ಒಬ್ಬರಾದರೂ ಉಳಿದಿದ್ದರೆ ಅದು ಪುಣ್ಯವೇ. ಚುಕ್ಕಿಗೆ ಆ ಒಬ್ಬರು ಅವಳ ಅತ್ತಿಗೆ. ಹೆಸರಿಟ್ಟವನು ಅಣ್ಣ. ಅವನು ಹೋಗಿ ಮೂರು ವರ್ಷವಾಗಿತ್ತು.

ಅಣ್ಣ ದಿನಪತ್ರಿಕೆಯೊಂದಕ್ಕೆ ನಾಲ್ಕು ಚೌಕದ ಚಿತ್ರಕಥೆ ಬರೆಯುತ್ತಿದ್ದ. ವಾರಕ್ಕೆ ಆರು ದಿನದಂತೆ ಮೂವತ್ತೆಂಟು ವರ್ಷ ನಡೆದ ಕಥೆ ಅದು. ಹೆಸರು ‘ಜುಮುಕಿಯ ಸಂಸಾರ’. ಜುಮುಕಿ ಎಂದರೆ ಚೂಪು ಮೂಗಿನ, ದೊಡ್ಡ ಓಲೆಯ, ಗಂಡನ ಒಂದು ಮಾತಿಗೆ ಎರಡು ಉತ್ತರ ಕೊಡುವ ಹೆಂಗಸು. ಪಾತ್ರಗಳ ಬಾಯಿಯ ಬಳಿಯ ಗುಳ್ಳೆಗಳೊಳಗೆ ಮಾತು ಬರೆಯುವುದು ಮಾತ್ರ ತಂಗಿಯ ಕೆಲಸ. ಅಣ್ಣನ ಅಕ್ಷರ ಕೋಳಿ ಕೆದಕಿದ ಹಾಗೆ, ತಂಗಿಯದು ಮುತ್ತು ಪೋಣಿಸಿದ ಹಾಗೆ. ವಾಕ್ಯದ ಕೊನೆಗೆ ಚುಕ್ಕಿ ಇಡುವುದನ್ನು ಒಂದು ದಿನವೂ ಮರೆಯದವಳು ಎಂದು ಅವಳಿಗೆ ಆ ಹೆಸರು.

ಅಣ್ಣ ಬೆಳಗ್ಗೆ ಮನೆಯಲ್ಲಿ ಕೂತು ಮೊದಲು ತಿಳಿನೀಲಿ ಪೆನ್ಸಿಲಿನಲ್ಲಿ ಗೀಚಿಕೊಂಡು, ಅದರ ಮೇಲೆ ಕಪ್ಪು ಶಾಯಿ ಎಳೆಯುತ್ತಿದ್ದ. ಹತ್ತೂವರೆಗೆ ಕಚೇರಿಯ ಜವಾನ ಬಂದು ಹಾಳೆಯನ್ನು ರಟ್ಟಿನ ಚೀಲದಲ್ಲಿಟ್ಟುಕೊಂಡು ಸೈಕಲ್ ಹತ್ತುತ್ತಿದ್ದ. ಮಧ್ಯಾಹ್ನ ಚುಕ್ಕಿ ಕಚೇರಿಯ ಕಿಟಕಿಯ ಪಕ್ಕದ ಮೇಜಿನಲ್ಲಿ ಗುಳ್ಳೆ ತುಂಬುತ್ತಿದ್ದಳು. ನೀಲಿ ಗೀಚನ್ನು ಯಾರೂ ಅಳಿಸುತ್ತಿರಲಿಲ್ಲ. ಅಚ್ಚಿನ ಮನೆಯಲ್ಲಿ ಹಾಳೆಯ ಫೋಟೋ ತೆಗೆದು ಅಚ್ಚಿಗಿಳಿಸುವ ಕ್ಯಾಮೆರಾಗೆ ಆ ನೀಲಿ ಕಾಣುವುದೇ ಇಲ್ಲ. ಕುರುಡನ ಮುಂದೆ ಸನ್ನೆ ಮಾಡಿಕೊಂಡ ಹಾಗೆ ಅಣ್ಣತಂಗಿ ಇಬ್ಬರೂ ಹಾಳೆಯ ಅಂಚಿನಲ್ಲಿ ಅದೇ ಪೆನ್ಸಿಲಿನಿಂದ ಹರಟೆ ಹೊಡೆಯುತ್ತಿದ್ದರು. ಮನೆಯಲ್ಲಿ ಆಗ ಫೋನ್ ಇರಲಿಲ್ಲ ನೋಡಿ, ಇದೇ ಅವರ ಫೋನು. ವಾರ ಮುಗಿದ ಮೇಲೆ ಹಾಳೆಗಳೆಲ್ಲ ಕಟ್ಟಾಗಿ ಅಣ್ಣನ ಪೆಟ್ಟಿಗೆ ಸೇರುತ್ತಿದ್ದವು. ಆ ಪೆಟ್ಟಿಗೆಗೆ ಹೆಂಡತಿ ಕೈ ಹಾಕಿದರೆ ಅಣ್ಣ ಸಿಡುಕುತ್ತಿದ್ದ. ಅತ್ತಿಗೆ ಕೈ ಹಾಕಲೇ ಇಲ್ಲ.

ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ, “ಎರಡು ಮನೆಗೆ ಎರಡು ಬೀಗ ಯಾಕೆ? ಬಂದುಬಿಡೇ” ಎಂದು ಚುಕ್ಕಿಯನ್ನು ಕರೆದುಕೊಂಡರು. ಮದುವೆಯ ಗೋಜಿಗೆ ಹೋಗದ ಚುಕ್ಕಿ ಒಂದು ಟ್ರಂಕು, ನಾಲ್ಕು ನಿಬ್ಬಿನ ಪೆನ್ನು ಹಿಡಿದು ಬಂದಳು. ಮ್ಯೂಸಿಯಂನವರು ಪ್ರದರ್ಶನಕ್ಕೆಂದು ಹಾಳೆಗಳನ್ನು ಕೇಳಿಕೊಂಡು ಬಂದಾಗ ಪೆಟ್ಟಿಗೆ ಬಿಚ್ಚಿ ಒಂದೊಂದನ್ನೂ ಒರೆಸಿ ಕೊಟ್ಟವಳು ಅವಳೇ. ಆಗ ಇಬ್ಬರ ಕಣ್ಣಿಗೂ ಪೊರೆ ಬಂದಿತ್ತು. ಪೊರೆ ಬಂದ ಕಣ್ಣಿಗೆ ಲೋಕವೆಲ್ಲ ಹಳೆಯ ಕಾಗದದ ಬಣ್ಣ. ಅಂಚುಗಳಲ್ಲಿ ಏನೂ ಕಾಣಲಿಲ್ಲ. ನೀಲಿ ಎಂದೋ ಮಾಸಿಹೋಗಿದೆ ಎಂದುಕೊಂಡಳು.

ಕಣ್ಣಿನ ಶಸ್ತ್ರಚಿಕಿತ್ಸೆ ಇಬ್ಬರಿಗೂ ಒಟ್ಟಿಗೆ ಮಾಡಿಸುವಂತಿರಲಿಲ್ಲ, ಒಬ್ಬರ ಕಣ್ಣಿಗೆ ಹನಿ ಬಿಡಲು ಇನ್ನೊಬ್ಬರು ಬೇಕಲ್ಲ. ಆಸ್ಪತ್ರೆಯಲ್ಲಿ ಮೊದಲು ಸಿಕ್ಕ ದಿನಾಂಕ ಅತ್ತಿಗೆಯ ಹೆಸರಿಗಿತ್ತು.

“ನೀನು ಅಕ್ಷರದವಳು, ಮೊದಲು ನೀನು ಮಾಡಿಸ್ಕೋ,” ಎಂದು ಅವರು ಅದನ್ನು ಬಿಟ್ಟುಕೊಟ್ಟರು. “ಪಾತ್ರೆ ತೊಳೆಯೋಕೆ ಕಣ್ಣು ಯಾಕೆ? ಕೈಗೇ ಗೊತ್ತಾಗುತ್ತೆ.”

ಚುಕ್ಕಿಯ ಪೊರೆ ತೆಗೆದ ಮೇಲೆ ಪೇಪರು, ಔಷಧಿ ಚೀಟಿ, ಬಸ್ಸಿನ ಬೋರ್ಡು, ಎಲ್ಲವನ್ನೂ ಅತ್ತಿಗೆಗೆ ಓದಿ ಹೇಳುವವಳು ಚುಕ್ಕಿ. ಬಸ್ಸಿನಲ್ಲಿ ಕಿಟಕಿಯ ಸೀಟೂ ಅವಳಿಗೇ. “ನನಗೆ ಹೇಗೂ ಮಂಜು ಮಂಜು. ನೀನು ನೋಡಿ ಹೇಳು.”

ಪ್ರದರ್ಶನದ ಹಿಂದಿನ ದಿನ ಬೆಳಗ್ಗೆ, ಚಿತ್ರಗಳ ಪಕ್ಕ ಅಂಟಿಸುವ ಚೀಟಿಗಳ ಕಾಗುಣಿತ ನೋಡಿಕೊಡಿ ಎಂದು ಮ್ಯೂಸಿಯಂನಿಂದ ಫೋನು ಬಂತು. ಚುಕ್ಕಿ ಒಬ್ಬಳೇ ಹೋದಳು. ಎರಡನೇ ಮಹಡಿಯ ಕೋಣೆಯಲ್ಲಿ ಇನ್ನೂ ಬಣ್ಣದ ವಾಸನೆ. ಒಂದು ಗೋಡೆಯಲ್ಲಿ ಈಗಿನ ಕಾಲದ ಕಲಾವಿದರ ಚಿತ್ರಕಥೆಗಳಿದ್ದವು. ಕೆಲವು ಬಾಗಿಲಿನಷ್ಟು ದೊಡ್ಡವು, ಕೆಲವಕ್ಕೆ ಮಾತೇ ಇಲ್ಲ. ಅಣ್ಣನ ಹಾಳೆಗಳು ಎದುರು ಗೋಡೆಯಲ್ಲಿ ಗಾಜಿನ ಹಿಂದೆ ಸಾಲಾಗಿ ಕೂತಿದ್ದವು. ಹತ್ತಿರ ಹೋದ ಚುಕ್ಕಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

ಅಂಚಿನ ತುಂಬ ನೀಲಿ. ಮಾಸಿರಲಿಲ್ಲ. ನಿನ್ನೆ ಬರೆದ ಹಾಗಿತ್ತು.

‘ಚುಕ್ಕಿ, ಇವತ್ತು ಗುಳ್ಳೆ ಚಿಕ್ಕದಾಯ್ತು, ಬೈಬೇಡ.’ ಕೆಳಗೆ ಅವಳದೇ ಅಕ್ಷರ: ‘ಇದರೊಳಗೆ ಇರುವೆ ಹಿಡಿಸಲ್ಲ, ನಿನ್ನ ಭಾಷಣ ಎಲ್ಲಿ ತುರುಕಲಿ?’ ಇನ್ನೊಂದರಲ್ಲಿ: ‘ಸಂಪಾದಕರು ನಕ್ಕರಾ?’ ‘ಹಲ್ಲು ಕಾಣಿಸ್ತು. ನೋವಿತ್ತೋ ನಗುವೋ ಗೊತ್ತಾಗಲಿಲ್ಲ.’

ಚುಕ್ಕಿ ಒಬ್ಬಳೇ ನಿಂತು ನಕ್ಕಳು. ಸತ್ತ ಅಣ್ಣ ಎದುರು ಕೂತು ಮಾತಾಡಿಸಿದ ಹಾಗಾಯಿತು.

“ಚೆನ್ನಾಗಿದೆ ಅಲ್ವಾಮ್ಮಾ?” ಎಂದು ಹಿಂದಿನಿಂದ ಬಂದವಳು ಪ್ರದರ್ಶನದ ಮೇಲ್ವಿಚಾರಕಿ. ಕತ್ತಿನಲ್ಲಿ ಅಳತೆಯ ಟೇಪು, ಕಿವಿಯ ಹಿಂದೆ ಪೆನ್ಸಿಲು, ಮೂರು ದಿನದಿಂದ ನಿದ್ದೆ ಕಾಣದ ಮುಖ. “ಇದೇ ನಮ್ಮ ಪ್ರದರ್ಶನದ ಜೀವ. ಅಚ್ಚಾದಾಗ ಯಾರೂ ಓದದ ಮಾತು. ಮಧ್ಯದ್ದು ನೋಡಿದ್ರಾ? ಅದರ ಪಕ್ಕದ ಚೀಟಿ ನಿಮ್ಮ ಅತ್ತಿಗೆಯವರು ಹೇಳಿದ್ದು.”

ಸಾಲಿನ ನಡುವೆ, ಒಂದೇ ಹಾಳೆಗೆ ಸುತ್ತ ದೊಡ್ಡ ಜಾಗ ಬಿಟ್ಟಿದ್ದರು. ಊರಿಗೆಲ್ಲ ಗೊತ್ತಿರುವ ಈರುಳ್ಳಿಯ ಕಥೆ ಅದು. ಮೊದಲ ಚೌಕದಲ್ಲಿ ಗಂಡ ಕೇಳುತ್ತಾನೆ, ‘ಯಾಕೆ ಅಳ್ತಿದ್ದೀಯ?’ ಎರಡನೆಯದರಲ್ಲಿ, ‘ನನ್ನ ಹತ್ರ ಹೇಳಬಾರದಾ?’ ಮೂರನೆಯದರಲ್ಲಿ ಮಾತಿಲ್ಲ, ಗೋಡೆಗೆ ಮುಖ ಮಾಡಿದ ಜುಮುಕಿಯ ಬೆನ್ನು, ಅಲುಗುವ ಓಲೆ. ನಾಲ್ಕನೆಯದರಲ್ಲಿ ಅವಳು ತಿರುಗುತ್ತಾಳೆ, ಒಂದು ಕೈಯಲ್ಲಿ ಚಾಕು, ಇನ್ನೊಂದರಲ್ಲಿ ಈರುಳ್ಳಿ: ‘ನೀವೇ ಹೆಚ್ಚಿ ನೋಡಿ, ಗೊತ್ತಾಗುತ್ತೆ!’

ಪಕ್ಕದ ಚೀಟಿಯಲ್ಲಿ ಅತ್ತಿಗೆಯ ಮಾತು ಅಚ್ಚಾಗಿತ್ತು. ‘ಆಗ ನನ್ನ ಮನಸ್ಸು ಸರಿ ಇರಲಿಲ್ಲ. ನನ್ನನ್ನು ನಗಿಸೋಕೆ ಅಂತಲೇ ಅವರು ಇದನ್ನು ಬರೆದರು. ಅವರು ಬಾಯಿಬಿಟ್ಟು ಸಮಾಧಾನ ಹೇಳಿದವರಲ್ಲ. ಇದೊಂದೇ ಹೇಳಿದ್ದು. ನಕ್ಕೆ, ಎದ್ದು ಕೂತೆ.’

ಹಾಳೆಯ ಕೆಳ ಅಂಚಿನಲ್ಲಿ ಅಣ್ಣನ ಕೋಳಿಗೀಚು: ‘ನಿನ್ನ ಅತ್ತಿಗೆ ಬೆಳಗ್ಗೆ ಗೋಡೆ ಕಡೆ ತಿರುಗಿ ಅತ್ತಳು. ಮುಖ ಕಾಣಲಿಲ್ಲ, ಓಲೆ ಅಲುಗೋದು ಮಾತ್ರ ಕಾಣ್ತು. ಮೂರನೇ ಚೌಕಕ್ಕೆ ತಗೊಂಡೆ.’

ಅದರ ಕೆಳಗೆ, ಮುತ್ತು ಪೋಣಿಸಿದ ಹಾಗೆ: ‘ಭೇಷ್ ಅಣ್ಣ! ಇನ್ನೊಂದು ವಾರ ಅಳಿಸು, ಕಥೆ ಓಡುತ್ತೆ.’ ಕೊನೆಗೆ ಒಂದು ಚುಕ್ಕಿ.

ಚುಕ್ಕಿ ಆ ಸಾಲನ್ನು ಎರಡು ಸಲ ಓದಿದಳು. ಅವಳು ಅದನ್ನು ಮರೆತೇಬಿಟ್ಟಿದ್ದಳು. ಬರೆದ ದಿನ ಅವಳಿಗೆ ಏನೂ ಗೊತ್ತಿರಲಿಲ್ಲ, ಅತ್ತಿಗೆಗೆ ಮೈ ಹುಷಾರಿಲ್ಲ ಎಂದಷ್ಟೇ ಹೇಳಿದ್ದರು. ಐದು ದಿನ ಕಳೆದ ಮೇಲೆ ಅಮ್ಮ ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ಐದು ತಿಂಗಳ ಮಗು ಹೊಟ್ಟೆಯಲ್ಲೇ ಹೋಯಿತು ಎಂದಳು. ಅಷ್ಟರಲ್ಲಿ ಈರುಳ್ಳಿ ಊರೂರಿನಲ್ಲಿ ನಗು ಎಬ್ಬಿಸಿತ್ತು. ಅತ್ತಿಗೆಗೆ ಮತ್ತೆ ಮಕ್ಕಳಾಗಲಿಲ್ಲ.

ಅಣ್ಣ ನಿಜವಾಗಿ ಹೆಂಡತಿಯನ್ನು ನಗಿಸಲೆಂದೇ ಬರೆದನೋ, ಆ ದಿನದ ನಾಲ್ಕು ಚೌಕ ತುಂಬಿಸಲು ಬರೆದನೋ, ಯಾರನ್ನು ಕೇಳುವುದು? ನೀಲಿ ಮಾತ್ರ ‘ತಗೊಂಡೆ’ ಎನ್ನುತ್ತಿತ್ತು. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಆಡಿದ್ದು ಹೋಗುತ್ತದೆ, ಬರೆದದ್ದು ಹೋಗುವುದಿಲ್ಲ.

“ಇದನ್ನ ತೆಗೆದುಬಿಡಿ,” ಎಂದಳು ಚುಕ್ಕಿ.

ಮೇಲ್ವಿಚಾರಕಿ ತಮಾಷೆ ಎಂದುಕೊಂಡಳು. ಚುಕ್ಕಿ ಎಲ್ಲವನ್ನೂ ಹೇಳಿದಳು. ಕೇಳುತ್ತ ಕೇಳುತ್ತ ಆ ಹೆಂಗಸಿನ ಕೈ ಬಾಯಿಯ ಮೇಲೆ ಹೋಯಿತು. ನಿರ್ದೇಶಕರ ಕೋಣೆಗೆ ಓಡಿದಳು. ಅರ್ಧ ಗಂಟೆ ಬಿಟ್ಟು ಬಂದಾಗ ಮುಖ ಬಾಡಿತ್ತು.

“ಆಗಲ್ವಂತಮ್ಮಾ. ಪೋಸ್ಟರು ಇದೇ, ಪುಸ್ತಕದ ಹೊದಿಕೆ ಇದೇ. ಚೌಕಟ್ಟಿಗೆ ಸೀಲ್ ಹಾಕಿಯಾಗಿದೆ. ಬದಲಾಯಿಸಬೇಕಾದ್ರೆ ಸಮಿತಿ ಕೂರಬೇಕು, ಸಮಿತಿ ಕೂರೋದು ಪ್ರದರ್ಶನ ಮುಗಿದ ಮೇಲೆ. ಕೊಡೋವಾಗ ನೀವು ಸಹಿ ಮಾಡಿದ ಕಾಗದದಲ್ಲೂ ‘ಯಾವ ಗುರುತನ್ನೂ ಅಳಿಸುವಂತಿಲ್ಲ’ ಅಂತ ಇದೆ.”

“ನಾನೇ ಬರೆದದ್ದಮ್ಮಾ ಅದು. ನನ್ನದನ್ನ ನಾನು ಅಳಿಸಬಾರದಾ?”

“ಈಗ ಅದು ನಿಮ್ಮದಲ್ಲಮ್ಮಾ.” ಆಮೇಲೆ ದನಿ ತಗ್ಗಿಸಿ, “ವಯಸ್ಸಾದವರಿಗೆ ಅಂತ ದಪ್ಪಕ್ಷರದ ಪುಸ್ತಕ ಮಾಡಿಸಿದ್ದೀವಿ, ಅದರಲ್ಲಿ ನೀಲಿ ಮಾತೆಲ್ಲ ಇದೆ. ನಿಮ್ಮ ಅತ್ತಿಗೆಗೆ ಕೊಡೋ ಪ್ರತಿಯಲ್ಲಿ ಆ ಹಾಳೆ ನಾನು ಹರಿದಿಡ್ತೀನಿ. ಮತ್ತೆ ಈ ದೀಪ... ಸ್ವಲ್ಪ ಇಳಿಸ್ತೀನಿ. ಅಷ್ಟು ನನ್ನ ಕೈಲಿದೆ.”

ಅವಳು ಹೋದ ಮೇಲೂ ಚುಕ್ಕಿ ಅಲ್ಲೇ ನಿಂತಳು. ಅವಳ ಚೀಲದಲ್ಲಿ ಈಗಲೂ ಒಂದು ರಬ್ಬರು ಇರುತ್ತದೆ, ಅದು ಹಳೆಯ ಅಭ್ಯಾಸ. ಕೈ ತಾನಾಗಿಯೇ ಅದನ್ನು ತೆಗೆದಿತ್ತು. ಬಾಗಿಲ ಬಳಿಯ ಕಾವಲುಗಾರ ಎದ್ದು ಬಂದ.

“ಗಾಜಿನ ಮೇಲೆ ರಬ್ಬರು ಉಜ್ಜಿದ್ರೆ ಗಾಜು ಹೊಳೆಯುತ್ತೆ ಅಷ್ಟೇ ಅಮ್ಮಾ.” ಬೈಯುವ ದನಿ ಅಲ್ಲ. ತನ್ನ ಕುರ್ಚಿಯನ್ನೇ ತಂದು ಹಾಕಿದ. “ಕೂತ್ಕೊಳ್ಳಿ. ಆಗಿಂದ ನಿಂತೇ ಇದ್ದೀರಿ.”

ಮಧ್ಯಾಹ್ನ ಮನೆಗೆ ಬಂದರೆ ಅತ್ತಿಗೆ ನಾಳೆಯ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದರು. ಅವರದು ಮುಗಿದಿತ್ತು, ಹಲಗೆಯ ಮೇಲಿದ್ದದ್ದು ಚುಕ್ಕಿಯದು.

“ಅತ್ತಿಗೆ, ನಾಳೆ ಹೋಗೋದು ಬೇಡ ಅನ್ಸುತ್ತೆ. ತುಂಬಾ ಮೆಟ್ಟಿಲು.”

“ಲಿಫ್ಟ್ ಇದೆ ಅಂದಿದ್ದೆ ಹೋದ ವಾರ.”

“ಜನ ಜಾಸ್ತಿ. ನಿಮಗೆ ಧೂಳು ಆಗಲ್ಲ.”

“ನೆಗಡಿ ಬರುತ್ತೆ ಅಂತ ಮೂಗು ಕೊಯ್ಕೊಳ್ಳೋಕಾಗುತ್ತೇನೇ?” ಅತ್ತಿಗೆ ಇಸ್ತ್ರಿಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ ನಕ್ಕರು. “ನಿನಗೇನು, ಜನರ ಮುಂದೆ ನಾಚಿಕೆನಾ? ನನ್ನ ಕೈ ಹಿಡ್ಕೊಂಡಿರು. ಅವರು ಬದುಕಿದ್ದಾಗ ಒಂದು ದಿನ ಆ ಪೆಟ್ಟಿಗೆ ಮುಟ್ಟೋಕೆ ಬಿಡಲಿಲ್ಲ. ನಾಳೆ ಗೋಡೆ ಮೇಲಿರುತ್ತೆ. ಯಾರು ತಡೀತಾರೆ ನೋಡ್ತೀನಿ.”

ಈಗ ಹೇಳಿಬಿಡಬೇಕು ಎಂದು ಚುಕ್ಕಿ ಬಾಯಿ ತೆರೆದಳು. ಅಷ್ಟರಲ್ಲಿ ಅತ್ತಿಗೆ ಅವಳ ಅಂಗಿಯ ಕಾಲರನ್ನು ಬೆರಳಿನಿಂದ ತಡವಿ, ಸುಕ್ಕು ಹುಡುಕಿ, ಅದರ ಮೇಲೆ ಮತ್ತೊಮ್ಮೆ ಇಸ್ತ್ರಿ ಎಳೆದರು. ಚುಕ್ಕಿ ಅಂಗಿಯನ್ನು ಮಡಿಸಿ ಎತ್ತಿಟ್ಟಳು.

ಮರುದಿನ ಭಾಷಣಗಳಾದವು. ಅತ್ತಿಗೆಯನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಚಪ್ಪಾಳೆ ತಟ್ಟಿದರು. ಆಮೇಲೆ ಇಬ್ಬರೂ ಗೋಡೆಯ ಉದ್ದಕ್ಕೂ ನಡೆದರು. ಚುಕ್ಕಿ ಗುಳ್ಳೆಗಳನ್ನು ಓದುತ್ತ ಹೋದಳು, ಅತ್ತಿಗೆ ನಗುತ್ತ ಬಂದರು. ನಡುವಿನ ಚೌಕಟ್ಟಿನ ಮೇಲೆ ದೀಪ ನಿಜಕ್ಕೂ ಮಂದವಾಗಿತ್ತು. ಕಾವಲುಗಾರ ಕೇಳದೆಯೇ ಎರಡು ಕುರ್ಚಿ ಹಾಕಿದ. ಅದೊಂದು ಉಪಕಾರ ಅವತ್ತು ಬೇಡವಾಗಿತ್ತು. ಅತ್ತಿಗೆ ಕೂತುಬಿಟ್ಟರು.

“ಇದು ನನ್ನ ಈರುಳ್ಳಿ ತಾನೇ?”

“ಹೌದು ಅತ್ತಿಗೆ.”

ಗಾಜಿಗೆ ಮೂಗು ತಗಲುವಷ್ಟು ಬಾಗಿದರು.

“ಕೆಳಗೇನೋ ನೆರಳಿದ್ದ ಹಾಗಿದೆ. ಬರೆದಿದ್ದಾರಾ? ಆ ಹೆಂಗಸು ಭಾಷಣದಲ್ಲಿ ಹೇಳಿದ್ಲಲ್ಲ, ಅಂಚಲ್ಲೆಲ್ಲ ನೀಲಿ ಮಾತು ಅಂತ. ಓದೇ.”

ಮೂವತ್ತೆಂಟು ವರ್ಷ ಚುಕ್ಕಿ ಅಣ್ಣನ ಮಾತನ್ನು ಒಂದಕ್ಷರ ಬದಲಿಸದೆ ಬರೆದಿದ್ದಳು. ಆ ದಿನ ಬದಲಿಸಿದಳು.

“‘ಚುಕ್ಕಿ, ಇವತ್ತು ಮೋಡ ಇದೆ, ಶಾಯಿ ಬೇಗ ಒಣಗಲ್ಲ, ಹುಷಾರು’ ಅಂತ ಇದೆ.”

“ಅಷ್ಟೇನಾ?”

“ಅಷ್ಟೇ.”

ಅತ್ತಿಗೆಗೆ ಸ್ವಲ್ಪ ನಿರಾಸೆಯಾಯಿತು. ಆದರೂ ಗಾಜಿನ ಅಂಚನ್ನು ಮಗುವಿನ ಕೆನ್ನೆ ಮುಟ್ಟಿದ ಹಾಗೆ ಬೆರಳ ತುದಿಯಿಂದ ಮುಟ್ಟಿದರು. ಕಾವಲುಗಾರ ಬೇರೆ ಕಡೆ ನೋಡಿದ.

“ಇರಲಿ ಬಿಡು,” ಎಂದರು ಏಳುತ್ತ. “ಮುಂದಿನ ತಿಂಗಳು ನನ್ನ ಕಣ್ಣೂ ಆಗುತ್ತಲ್ಲ. ಪ್ರದರ್ಶನ ಇನ್ನೂ ಮೂರು ತಿಂಗಳಿದೆಯಂತೆ. ಆಗ ಬಂದು ಎಲ್ಲ ನಾನೇ ಓದ್ತೀನಿ, ನಿನಗೂ ಗಂಟಲಿಗೆ ಬಿಡುವು.”

ಆಸ್ಪತ್ರೆಯ ದಿನಾಂಕ ಮುಂದೆ ಹೋಗಲಿಲ್ಲ. ಇಂಥ ಸಮಯದಲ್ಲಿ ಯಾವ ಡಾಕ್ಟರೂ ರಜೆ ಹಾಕುವುದಿಲ್ಲ. ಪೊರೆ ತೆಗೆದರು, ಎಲ್ಲ ಸುಸೂತ್ರವಾಯಿತು. ಹನಿ ಬಿಡುವವಳು ಚುಕ್ಕಿ. ದಿನಕ್ಕೆ ನಾಲ್ಕು ಸಲ ಅತ್ತಿಗೆ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ, ಎಳೆಯ ಹಕ್ಕಿ ಬಾಯಿ ತೆರೆದ ಹಾಗೆ ಕಣ್ಣು ತೆರೆದು ಕೂರುತ್ತಿದ್ದರು. ಒಂದು ಸೀಸೆಯ ಹನಿ, ಐದು ನಿಮಿಷ, ಇನ್ನೊಂದು ಸೀಸೆಯ ಹನಿ. ಒಂದು ದಿನ ಸೀಸೆ ಹಿಡಿದ ಕೈ ಗಾಳಿಯಲ್ಲಿ ನಿಂತಿತು. ಒಂದೆರಡು ಹೊತ್ತು ತಪ್ಪಿಸಿದರೆ ಎಂಬ ಯೋಚನೆ ಹಾವಿನ ಹಾಗೆ ಬಂದು ಹೋಯಿತು. ಚುಕ್ಕಿಗೆ ತನ್ನ ಮೇಲೇ ಹೇಸಿಗೆಯಾಗಿ ತಟ್ಟನೆ ಸೀಸೆ ಒತ್ತಿದಳು, ಹನಿ ಕೆನ್ನೆಯ ಮೇಲೆ ಬಿತ್ತು.

“ಗುರಿ ತಪ್ಪಿತು ಕಣೇ,” ಎಂದು ಅತ್ತಿಗೆ ನಕ್ಕರು. “ಇನ್ನೊಂದು ಬಿಡು, ಆತುರ ಇಲ್ಲ.”

ಹತ್ತನೆಯ ದಿನ ಬೆಳಗ್ಗೆ ಅತ್ತಿಗೆ ಅಡುಗೆಮನೆಯಿಂದ ಕೂಗಿದರು. “ಚುಕ್ಕೀ! ಈ ಬಟ್ಟಲಿನ ಅಂಚು ನೀಲಿನಾ? ಇಷ್ಟು ವರ್ಷ ಬೂದಿ ಅಂದ್ಕೊಂಡಿದ್ನಲ್ಲೇ!” ಅಂದೆಲ್ಲ ಅವರು ಮನೆಯಲ್ಲಿ ನೀಲಿ ಹುಡುಕಿಕೊಂಡು ಓಡಾಡಿದರು. ಪರದೆಯ ಹೂವು, ಔಷಧಿ ಸೀಸೆಯ ಮುಚ್ಚಳ, ಚುಕ್ಕಿಯ ಕೈಯ ನರ, ಯಾವುದನ್ನೂ ಬಿಡಲಿಲ್ಲ. ಅವರ ಸಂತೋಷ ನೋಡಿ ಚುಕ್ಕಿಗೂ ಸಂತೋಷವಾಯಿತು, ಅದು ಸುಳ್ಳಲ್ಲ. ಮರುದಿನ ಅತ್ತಿಗೆ ಚೀಲ ಹಿಡಿದು ಬಾಗಿಲಲ್ಲಿ ನಿಂತರು.

“ಅತ್ತಿಗೆ, ಮ್ಯೂಸಿಯಂಗೆ ಹೋಗೋ ಮುಂಚೆ ಒಂದು ಮಾತು ಹೇಳಬೇಕು.”

“ಬಸ್ಸಲ್ಲಿ ಹೇಳು, ಹೊರಡು.”

ಬಸ್ಸಿನಲ್ಲಿ ಅತ್ತಿಗೆ ಎದ್ದು ನಿಂತೇ ಅಂಗಡಿಗಳ ಬೋರ್ಡುಗಳನ್ನು ಜೋರಾಗಿ ಓದಿದರು. ಹೇಳಲು ಸಂದಿಯೇ ಸಿಗಲಿಲ್ಲ.

ಮ್ಯೂಸಿಯಂನ ಕೋಣೆ ಖಾಲಿಯಿತ್ತು. ಕಾವಲುಗಾರ ಎದ್ದು ನಿಂತ. ದೀಪ ಇನ್ನೂ ಮಂದವಾಗಿಯೇ ಇತ್ತು, ಮೇಲ್ವಿಚಾರಕಿ ಮರೆತಿರಲಿಲ್ಲ. ಆದರೆ ಹೊಸ ಕಣ್ಣಿಗೆ ಅಷ್ಟು ಬೆಳಕು ಸಾಕಿತ್ತು. ಅತ್ತಿಗೆ ನೆಟ್ಟಗೆ ನಡುವಿನ ಚೌಕಟ್ಟಿಗೆ ಹೋಗಿ ನಿಂತರು. ಅಣ್ಣನ ಕೋಳಿಗೀಚನ್ನು ಒಂದೊಂದೇ ಪದ ಬಿಡಿಸಿ ಓದಿದರು, ತುಟಿ ಅಲುಗುತ್ತಿತ್ತು. “...ಓಲೆ ಅಲುಗೋದು ಮಾತ್ರ ಕಾಣ್ತು...” ಕೈ ಹೋಗಿ ಕಿವಿಯ ಓಲೆಯನ್ನು ಹಿಡಿಯಿತು. ಎರಡನೆಯ ಸಾಲಿಗೆ ತುಟಿ ಅಲುಗಲಿಲ್ಲ. ಆ ಅಕ್ಷರವನ್ನು ಬಿಡಿಸಿ ಓದಬೇಕಾದ್ದಿರಲಿಲ್ಲ.

ಓಲೆ ಹಿಡಿದ ಕೈ ಇಳಿಸಿದರು.

“ನಿನ್ನ ಅಕ್ಷರ,” ಎಂದರು ಕೊನೆಗೆ, “ಆಗಲೂ ಎಷ್ಟು ದುಂಡಗಿತ್ತು ಚುಕ್ಕಿ.”

“ಅತ್ತಿಗೆ, ನನಗೆ ಆಗ ಗೊತ್ತಿರಲಿಲ್ಲ. ಅಮ್ಮ ಐದು ದಿನ ಬಿಟ್ಟು...”

“ಶಾಯಿ ಒಣಗಲ್ಲ ಅಂತ ಬರೆದಿದೆ ಅಂದಿದ್ದೆಯಲ್ಲ?”

ಚುಕ್ಕಿ ನಿಂತಳು, ಮಾತು ತುಂಬದ ಗುಳ್ಳೆಯ ಹಾಗೆ. ಅತ್ತಿಗೆ ಪಕ್ಕದ ಚೀಟಿಯಲ್ಲಿ ಅಚ್ಚಾಗಿದ್ದ ತಮ್ಮದೇ ಮಾತನ್ನು ಓದಿದರು, ‘ಇದೊಂದೇ ಹೇಳಿದ್ದು’ ಎಂಬಲ್ಲಿಗೆ ನಿಲ್ಲಿಸಿ, ಚೀಲ ಹೆಗಲಿಗೆ ಏರಿಸಿದರು. “ನಡಿ. ಬಸ್ಸಿಗೆ ಹೊತ್ತಾಯ್ತು.” ಕೋಪದ ದನಿ ಅಲ್ಲ. ಸಮಾಧಾನದ ದನಿಯೂ ಅಲ್ಲ. ಬಾಗಿಲಲ್ಲಿ ಕಾವಲುಗಾರನಿಗೆ, “ಅವತ್ತು ಕುರ್ಚಿ ಹಾಕಿದ್ರಲ್ಲ, ಉಪಕಾರ ಆಯ್ತಪ್ಪ” ಎಂದು ಹೇಳಲು ಮರೆಯಲಿಲ್ಲ.

ಬಸ್ಸಿನಲ್ಲಿ ಚುಕ್ಕಿ ಎಂದಿನಂತೆ ಕಿಟಕಿಯ ಕಡೆ ಸರಿಯಲು ಹೋದಳು.

“ಇವತ್ತು ನಾನು ಕೂತ್ಕೊಳ್ತೀನಿ ಕಣೇ,” ಎಂದರು ಅತ್ತಿಗೆ. “ಈಗ ಕಾಣುತ್ತಲ್ಲ.”

ಕೂತು, ಮುಖವನ್ನು ಪೂರ್ತಿ ಹೊರಗೆ ತಿರುಗಿಸಿಕೊಂಡರು. ಬೋರ್ಡುಗಳನ್ನು ಓದಲಿಲ್ಲ. ಅವರ ಕೈ ಇಬ್ಬರ ನಡುವೆ ಸೀಟಿನ ಮೇಲೆ ಅಂಗೈ ಕೆಳಗಾಗಿ ಬಿದ್ದಿತ್ತು. ಅದನ್ನು ಹಿಡಿಯಬಹುದೋ ಹಿಡಿಯಬಾರದೋ ಚುಕ್ಕಿಗೆ ಗೊತ್ತಾಗಲಿಲ್ಲ. ರಸ್ತೆಯ ಉದ್ದಕ್ಕೂ ಪೈಪು ಹಾಕಲು ಅಗೆದಿದ್ದರು. ಬಸ್ಸು ಹಳ್ಳಕ್ಕೆ ಇಳಿದು ಏಳುತ್ತಿತ್ತು. ಕಂಬಿಗಳು, ಮೇಲಿನ ಹಿಡಿಕೆಗಳು, ಮಡಿಲ ಮೇಲಿನ ಚೀಲ, ಎಲ್ಲವೂ ಅಲುಗುತ್ತಿದ್ದವು. ಅತ್ತಿಗೆಯ ಓಲೆಯೂ ಅಲುಗುತ್ತಿತ್ತು.

ಬಸ್ಸಿಗೆ ಅಲುಗುತ್ತಿದೆಯೋ ಅಳುವಿಗೋ, ನುಣುಪಾದ ರಸ್ತೆ ಬಂದರೆ ಗೊತ್ತಾಗುತ್ತದೆ ಎಂದು ಚುಕ್ಕಿ ಆ ಓಲೆಯನ್ನೇ ನೋಡುತ್ತ ಕಾದಳು. ಅವರ ಸ್ಟಾಪಿನವರೆಗೂ ಅಗೆದಿದ್ದರು.